ಆರು ಚಕ್ರಕ್ಕೂ ರಬ್ಬರು

ಫೆಬ್ರವರಿ 3

ಕಡ್ಡೀ,

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ರೋಬೋಟ್ ಪಂದ್ಯಕ್ಕೆಂದು ಶಾಲೆಯಲ್ಲಿ ನೀವು ಕಟ್ಟಿದ ಯಂತ್ರ ನಮ್ಮ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಬರುತ್ತಿದೆ. ನೇರವಾಗಿ, ಬಹಳ ಚೆನ್ನಾಗಿಯೇ ಬರುತ್ತಿದೆ. ನಾನು ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು "ತಿರುಗು ಮಾರಾಯ, ತಿರುಗು" ಎನ್ನುತ್ತಿದ್ದೇನೆ. ಅದು ತಿರುಗುವುದಿಲ್ಲ. ನನ್ನ ಮುಂದೆ ನಿಂತು ಗುರ್ ಎನ್ನುತ್ತದೆ. ಆಮೇಲೆ ಹೊಗೆ. ಹೊಗೆಯೊಳಗೆ ನಿನ್ನ ಜಡೆಯೊಂದೇ ಕಾಣುತ್ತದೆ. ಎದ್ದವಳೇ ಮೂರು ಲೋಟ ನೀರು ಕುಡಿದೆ. ನಿಮ್ಮಪ್ಪನಿಗೆ ಹೇಳಿದರೆ, "ನಿನ್ನ ಕನಸಿಗೂ ಒಂದು ಫ್ಯೂಸು ಹಾಕಿಸ್ಕೋ" ಎಂದು ಹಲ್ಲು ಕಿರಿದ. ಅಣ್ಣನೆಂದು ಸುಮ್ಮನಾದೆ.

ಹೋದ ಪತ್ರದಲ್ಲಿ ನೀನು, "ಯಂತ್ರ ತಿರುಗುವಾಗ ಬ್ಯಾಟರಿ ಸುಸ್ತಾಗುತ್ತೆ ಅತ್ತೆ" ಎಂದು ಒಂದೇ ಸಾಲು ಬರೆದು, ಉಳಿದ ಎರಡು ಪುಟ ಹಾಸ್ಟೆಲಿನ ಬೆಕ್ಕಿನ ಬಗ್ಗೆ ಬರೆದಿದ್ದೀಯ. ಬೆಕ್ಕು ಮರಿ ಹಾಕಿದ್ದು ಸಂತೋಷ. ಆದರೆ ಸುಸ್ತು ಎಂದರೆ ಎಷ್ಟು ಸುಸ್ತು? ವೈರು ಸುಡುತ್ತದೆಯೇ? ಬ್ಯಾಟರಿ ಹೊಟ್ಟೆ ಉಬ್ಬಿದೆಯೇ? ಮುಖ್ಯವಾಗಿ, ಯಾವ ದಿನದಿಂದ ಹೀಗೆ? ಭಾನುವಾರ ನಿಮಗೆ ಫೋನು ಕೊಡುವ ಹತ್ತು ನಿಮಿಷದಲ್ಲಿ ಕೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಅರ್ಧ ಮರೆತು ಹೋಗುತ್ತದೆ. ಕಾಗದವಾದರೆ ಕೂತು ಗಾಬರಿಪಡಬಹುದು.

ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಗಾಲಿಕುರ್ಚಿ, ಔಷಧಿ ಬಂಡಿಗಳ ಚಕ್ರ ಸರಿ ಮಾಡುತ್ತಿದ್ದೇನೆ. ತಿರುಗದ ಚಕ್ರ ನನಗೆ ಹೊಸದಲ್ಲ. ಆದರೆ ನನ್ನ ಬಂಡಿಗಳಿಗೆ ಬ್ಯಾಟರಿ ಇಲ್ಲ. ಎಂಟನೆಯ ಕ್ಲಾಸಿನ ಅರ್ಧಕ್ಕೆ ಬಿಟ್ಟವಳಿಗೆ ಆಂಪು ಗೀಂಪು ತಲೆಗೆ ಹತ್ತುವುದಿಲ್ಲ, ಕೊಳಾಯಿ ನೀರು ಎಂದುಕೊಂಡು ಓದುತ್ತೇನೆ.

ಒಂದೇ ನೆಮ್ಮದಿ ಎಂದರೆ ಆ ರಬ್ಬರು. ನಿನ್ನ ಯಂತ್ರ ಇಳಿಜಾರಿನಲ್ಲಿ ಜಾರುತ್ತದೆ ಎಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಈಗ ಆರು ಚಕ್ರಕ್ಕೂ ನನ್ನ ಕೈಯಾರೆ ಕತ್ತರಿಸಿದ ರಬ್ಬರು ಇದೆ. ಇಲ್ಲಿ ಲಾಂಡ್ರಿಯ ಆರು ಚಕ್ರದ ಬಂಡಿಗೂ ಅದನ್ನೇ ಹಾಕಿದ್ದೇನೆ, ಒದ್ದೆ ನೆಲದಲ್ಲಿ ಜಾರುತ್ತಿತ್ತು. ಇನ್ನು ಎರಡೂ ಜಾರುವುದಿಲ್ಲ.

ಕೂಡಲೇ ಬರೆ.

ನಿನ್ನ ಅತ್ತೆ

*

ಫೆಬ್ರವರಿ 8

ಅತ್ತೆ,

ಹೊಗೆ ಇಲ್ಲ. ಜಡೆ ಕ್ಷೇಮ. ವೈರು ಬೆಚ್ಚಗಿರುತ್ತದೆ, ಸುಡುವುದಿಲ್ಲ. ಬ್ಯಾಟರಿಯ ಹೊಟ್ಟೆ ನಮ್ಮ ಮೇಷ್ಟ್ರ ಹೊಟ್ಟೆಗಿಂತ ಚಪ್ಪಟೆಯಾಗಿದೆ.

ಪೂರ್ತಿ ಹೇಳುತ್ತೇನೆ, ಮಧ್ಯದಲ್ಲಿ ಎದ್ದು ನೀರು ಕುಡಿಯಬಾರದು. ನಮ್ಮ ಯಂತ್ರಕ್ಕೆ ಎಲ್ಲರೂ ಈಗ ಎಮ್ಮೆ ಎಂದು ಹೆಸರಿಟ್ಟಿದ್ದಾರೆ. ಅದಕ್ಕೆ ಸ್ಟೀರಿಂಗ್ ಇಲ್ಲ, ಒಂದೊಂದು ಕಡೆ ಎರಡು ಮೋಟಾರು ಸರಪಳಿಯಿಂದ ಮೂರು ಚಕ್ರ ಉರುಳಿಸುತ್ತವೆ. ಎಡಗಡೆಯ ಮೂರು ಚಕ್ರ ಮುಂದಕ್ಕೂ ಬಲಗಡೆಯ ಮೂರು ಹಿಂದಕ್ಕೂ ಉರುಳಿದರೆ ಮೈ ತಿರುಗಬೇಕು. ನೇರ ಹೋಗುವಾಗ ಹದಿನೆಂಟು ಆಂಪ್ ತಿನ್ನುತ್ತದೆ. ತಿರುಗು ಎಂದರೆ ತೊಂಬತ್ತಾರು! ನಿನ್ನ ಕೊಳಾಯಿ ಲೆಕ್ಕದಲ್ಲಿ, ಒಂದು ಮನೆಯವರು ಇಡೀ ಬೀದಿಯ ನೀರು ಎಳೆದ ಹಾಗೆ. ಬ್ಯಾಟರಿ ಹನ್ನೆರಡು ವೋಲ್ಟಿನಿಂದ ಏಳರ ಕೆಳಗೆ ಇಳಿದು, ಎಮ್ಮೆಯ ಮೆದುಳಿಗೆ ಕಣ್ಣು ಕತ್ತಲೆ ಬಂದು, ನಿಂತೇ ಬಿಡುತ್ತದೆ. ಮತ್ತೆ ಎಚ್ಚರವಾಗಲು ಅರ್ಧ ನಿಮಿಷ. ಪಂದ್ಯ ಇರುವುದೇ ಎರಡು ನಿಮಿಷ.

ಫೆಬ್ರವರಿ 26ಕ್ಕೆ ಮೇಷ್ಟ್ರು ಪರೀಕ್ಷೆಯ ಓಟ ಇಟ್ಟಿದ್ದಾರೆ. ಆರು ತಿರುವು. ಆ ಆರರಲ್ಲಿ ಒಂದು ಸಲ ಕಣ್ಣು ಕತ್ತಲೆ ಬಂದರೂ ಪಂದ್ಯಕ್ಕೆ ಪಕ್ಕದ ಕ್ಲಾಸಿನವರ ಯಂತ್ರ ಹೋಗುತ್ತದೆ. ನಮ್ಮ ಎಮ್ಮೆ ಕಪಾಟಿಗೆ, ನಾನು ಚಪ್ಪಾಳೆ ಹೊಡೆಯುವವರ ಸಾಲಿಗೆ. ಎಮ್ಮೆಯನ್ನು ಓಡಿಸುವವಳು ನಾನು ತಾನೇ.

ಯಾವ ದಿನದಿಂದ ಎಂದು ಕೇಳಿದ್ದೀಯ. ನೆನಪಿಲ್ಲ.

ರಬ್ಬರು ತುಂಬ ಚೆನ್ನಾಗಿದೆ. ಇಳಿಜಾರನ್ನು ಹಲ್ಲಿಯ ಹಾಗೆ ಹತ್ತುತ್ತದೆ. ಅದರ ಬಗ್ಗೆ ಯೋಚನೆಯೇ ಬೇಡ. ಬೇರೆ ಏನಾದರೂ ಇದ್ದರೆ ಹೇಳು.

ಕಡ್ಡಿ

*

ಫೆಬ್ರವರಿ 12

ಕಡ್ಡೀ,

ನೆನಪಿಲ್ಲ ಎಂದರೆ ಏನರ್ಥ? ಮೂರನೆಯ ಕ್ಲಾಸಿನಲ್ಲಿ ನಿನ್ನ ರಬ್ಬರ್ ಚೆಂಡು ಕಳೆದ ವಾರ ಯಾವುದು ಎಂದು ಇವತ್ತಿಗೂ ಹೇಳುವ ಹುಡುಗಿ ನೀನು. ನಿದ್ದೆ ಸರಿಯಾಗಿ ಮಾಡುತ್ತಿಲ್ಲ ಎಂದು ಕಾಣುತ್ತದೆ. ತಲೆಗೆ ಚೆನ್ನಾಗಿ ಎಣ್ಣೆ ಹಚ್ಚಿಕೊ.

ಈಗ ನಾನು ಹೇಳುವುದನ್ನು ಒಂದೊಂದಾಗಿ ಮಾಡು. ಬಂಡಿ ಹಠ ಮಾಡಿದರೆ ನಾನು ಮೊದಲು ಅದನ್ನು ನೆಲದಿಂದ ಎತ್ತುತ್ತೇನೆ. ನೀನೂ ಎಮ್ಮೆಯ ಹೊಟ್ಟೆಯಡಿ ಎರಡು ಇಟ್ಟಿಗೆ ಇಟ್ಟು, ಚಕ್ರಗಳು ಗಾಳಿಯಲ್ಲಿರುವ ಹಾಗೆ ಮಾಡಿ ತಿರುಗಿಸು. ಗಾಳಿಯಲ್ಲೂ ಅಷ್ಟೇ ಕರೆಂಟು ತಿಂದರೆ ರೋಗ ಒಳಗಿದೆ, ಸರಪಳಿ ಬಿಗಿಯೋ, ಒಂದು ಮೋಟಾರು ಇನ್ನೊಂದಕ್ಕೆ ಎದುರು ಎಳೆಯುತ್ತಿದೆಯೋ ಏನೋ. ಗಾಳಿಯಲ್ಲಿ ಸುಮ್ಮನೆ ಉರುಳಿದರೆ ರೋಗ ನೆಲಕ್ಕೂ ಚಕ್ರಕ್ಕೂ ನಡುವೆ. ನಿಲ್ಲಿಸಿದ ಮೇಲೆ ನಾಲ್ಕೂ ಮೋಟಾರು ಮುಟ್ಟು. ಮಗುವಿನ ಹಣೆ ಮುಟ್ಟಿದ ಹಾಗೆ ಕೈಯ ಹಿಂಬದಿಯಿಂದ ಮುಟ್ಟು, ಸುಟ್ಟುಕೊಂಡೀಯೆ. ಒಂದಕ್ಕೆ ಮಾತ್ರ ಜ್ವರವಿದ್ದರೆ ಅದೇ ಕಳ್ಳ. ಬ್ಯಾಟರಿಯನ್ನೂ ಬದಲಿಸಿ ನೋಡು.

ಇಟ್ಟಿಗೆ ಇಡುವಾಗ ಬೆರಳು ಒಳಗೆ ಇಡಬೇಡ. ಜಡೆ ಕಟ್ಟಿ ಮೇಲಕ್ಕೆತ್ತು.

ಇಲ್ಲಿ ಎಲ್ಲ ಕ್ಷೇಮ. ಲಾಂಡ್ರಿಯ ಬಂಡಿಯೂ ಚೆನ್ನಾಗಿದೆ. ಲಾಂಡ್ರಿಯಮ್ಮ ಈ ವಾರ ಮೂರು ಸಲ ನನ್ನನ್ನು ಹುಡುಕಿಕೊಂಡು ನೆಲಮಾಳಿಗೆಗೆ ಬಂದಿದ್ದಳಂತೆ. ನಾನು ಹಳೆಯ ಗಾಲಿಕುರ್ಚಿಗಳ ರಾಶಿಯ ಹಿಂದೆ ಏನೋ ಕೆಲಸದಲ್ಲಿದ್ದೆ, ಸಿಗಲಿಲ್ಲ.

ನಿನ್ನ ಅತ್ತೆ

*

ಫೆಬ್ರವರಿ 16

ಅತ್ತೆ,

ನಿನ್ನ ಇಟ್ಟಿಗೆ ಪರೀಕ್ಷೆ ಕ್ಲಾಸಿನಲ್ಲಿ ಪ್ರಸಿದ್ಧವಾಗಿದೆ. ಗಾಳಿಯಲ್ಲಿ ಎಮ್ಮೆ ಬರೀ ಆರು ಆಂಪ್ ತಿಂದು ಹೂವಿನ ಹಾಗೆ ಉರುಳಿತು. ನಾಲ್ಕೂ ಮೋಟಾರಿನ ಹಣೆ ಒಂದೇ ಬಿಸಿ. ಸರಪಳಿ ಸರಿಯಿದೆ. ಹೊಸ ಬ್ಯಾಟರಿ ಹಾಕಿದರೂ ನೆಲಕ್ಕಿಳಿಸಿ ತಿರುಗಿಸಿದರೆ ಅದೇ ತೊಂಬತ್ತಾರು. ವೈರಿಂಗ್ ನೋಡಿಕೊಳ್ಳುವ ನನ್ನ ಜೊತೆಗಾರ, ಅವನನ್ನು ತಂತಿ ಎಂದು ಕರೆಯುತ್ತೇವೆ, ವೈರನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ. "ನನ್ನ ಕಡೆಯಿಂದ ಏನೂ ಇಲ್ಲ, ಇನ್ನು ಎಮ್ಮೆಗೆ ನೀನೇ ಬುದ್ಧಿ ಹೇಳು" ಎಂದ.

ಅಂದರೆ ನೀನು ಹೇಳಿದ ಹಾಗೆ ರೋಗ ನೆಲಕ್ಕೂ ಚಕ್ರಕ್ಕೂ ನಡುವೆ.

ಮೇಷ್ಟ್ರು ಎಮ್ಮೆಯ ಸುತ್ತ ಎರಡು ಸುತ್ತು ಹಾಕಿ, ಕೂತು ನೋಡಿ, ನನಗೆ ಒಂದು ಮಾತು ಹೇಳಿದರು. ಅದು ಬಿಡು. ನಾನು ಆಗುವುದಿಲ್ಲ ಎಂದೆ. ಅವರು ಹುಬ್ಬೇರಿಸಿ, "ನಿನ್ನಿಷ್ಟ. ಇಪ್ಪತ್ತಾರಕ್ಕೆ ನೋಡೋಣ" ಎಂದು ಹೋದರು.

ಇನ್ನು ಹತ್ತು ದಿನ. ಬೆಕ್ಕಿನ ಮರಿಗಳು ಕಣ್ಣು ಬಿಟ್ಟವು.

ಕಡ್ಡಿ

*

ಫೆಬ್ರವರಿ 19

ಕಡ್ಡೀ,

ಏನು ಹೇಳಿದ ಆ ಮೇಷ್ಟ್ರು?

"ಅದು ಬಿಡು" ಎಂದರೆ ಬಿಡುವವಳಲ್ಲ ನಾನು. ನಿನ್ನ ಕೈಯಿಂದ ಆಗುವುದಿಲ್ಲ, ಓಡಿಸುವುದನ್ನು ಬೇರೆಯವರಿಗೆ ಕೊಡು ಎಂದಿದ್ದಾನೆ, ಅಷ್ಟೇ ತಾನೇ? ನನಗೆ ಗೊತ್ತಿಲ್ಲವೇ! ನನ್ನ ಎಂಟನೆಯ ಕ್ಲಾಸಿನಲ್ಲೂ ಒಬ್ಬ ಇದ್ದ, ಹುಬ್ಬೇರಿಸುವವನು. ಅವನು ಹುಬ್ಬೇರಿಸಿದ, ನಾನು ಚೀಲ ಎತ್ತಿಕೊಂಡು ಮನೆಗೆ ಬಂದೆ, ಮತ್ತೆ ಹೋಗಲೇ ಇಲ್ಲ. ನೀನು ಹಾಗೆ ಮಾಡಬೇಡ. ನಿಮ್ಮ ಮೇಷ್ಟ್ರ ಹುಬ್ಬು ನೆತ್ತಿಗೆ ಹೋಗಿ ಕೂದಲಲ್ಲಿ ಸೇರಿದರೂ ನೀನು ಎಮ್ಮೆ ಓಡಿಸುವ ಆ ಕೋಲು ಬಿಡಬೇಡ.

ಅವರಿಗೆಂದು ಒಂದು ಚೀಟಿ ಒಳಗಿಟ್ಟಿದ್ದೇನೆ. ಮರ್ಯಾದೆಯಾಗಿಯೇ ಬರೆದಿದ್ದೇನೆ, ಕೊನೆಯ ಎರಡು ಸಾಲು ಬಿಟ್ಟು. ಕೊಡು.

ಎರಡು ದಿನದಿಂದ ಊಟ ಸೇರುತ್ತಿಲ್ಲ.

ನಿನ್ನ ಅತ್ತೆ

*

ಫೆಬ್ರವರಿ 20

ಕಡ್ಡೀ, ನನ್ನ ಬಂಗಾರಾ,

ನಿನ್ನೆಯ ಚೀಟಿಯನ್ನು ಕೊಡಬೇಡ. ಕೊಟ್ಟಿದ್ದರೆ ವಾಪಸು ಇಸಿದುಕೊ. ಕೊಡದೆ ಇದ್ದರೆ ಹರಿದು ಹಾಕು. ತಪ್ಪು ಮೇಷ್ಟ್ರದ್ದಲ್ಲ. ನನ್ನದು.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳಬೇಕು. ಲಾಂಡ್ರಿಯ ಬಂಡಿ ಚೆನ್ನಾಗಿದೆ ಎಂದಿದ್ದೆನಲ್ಲ, ಚೆನ್ನಾಗಿರಲಿಲ್ಲ. ರಬ್ಬರು ಹಾಕಿದ ದಿನದಿಂದ ಅದು ಕಾರಿಡಾರಿನ ಮೂಲೆಯಲ್ಲಿ ತಿರುಗುತ್ತಿರಲಿಲ್ಲ. ಇಬ್ಬರು ಹಿಂದಿನಿಂದ ಎತ್ತಿ ಪಕ್ಕಕ್ಕಿಡಬೇಕಿತ್ತು. ಲಾಂಡ್ರಿಯಮ್ಮ ನನ್ನನ್ನು ಹುಡುಕುತ್ತಿದ್ದದ್ದು ಅದಕ್ಕೇ. ನಾನು ಗಾಲಿಕುರ್ಚಿಗಳ ಹಿಂದೆ ಅಡಗಿ ಕೂತಿದ್ದೆ. ಆರನೆಯ ಕ್ಲಾಸಿನ ಹುಡುಗಿಯ ಹಾಗೆ. ನಿನಗೆ ಹೇಳಿದರೆ, ಸ್ವಂತ ಬಂಡಿ ತಿರುಗಿಸಲಾಗದವಳ ಮಾತು ಯಾಕೆ ಕೇಳಬೇಕು ಎಂದುಕೊಂಡೀಯೆ ಎಂದು ಬಾಯಿ ಮುಚ್ಚಿಕೊಂಡೆ.

ಇವತ್ತು ಸಿಕ್ಕಿಬಿದ್ದೆ. ಪ್ಲಾಸ್ಟರ್ ಹಾಕುವ ಕೋಣೆಯ ಮೂಲೆಯಲ್ಲಿ ಅವಳು, ಬಂಡಿ, ಬಂಡಿಯ ಮೇಲೆ ಬೆಟ್ಟದಷ್ಟು ಹಾಸಿಗೆ ಬಟ್ಟೆ. ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಬಾರಮ್ಮಾ ಚಕ್ರದ ರಾಣಿ! ನಿನ್ನ ಬಂಡಿ ನೋಡು, ಮದುವೆಗೆ ಕರೆದರೂ ಬರಲ್ಲ ಅಂತ ಕೂತಿದೆ. ತಿರುಗಿಸು, ನಾನೂ ನೋಡ್ತೀನಿ."

"ಹೊಸ ರಬ್ಬರು ಅಕ್ಕಾ, ಸ್ವಲ್ಪ ದಿನ ಹೋದರೆ ಪಳಗುತ್ತೆ" ಎಂದೆ.

"ಅಷ್ಟರಲ್ಲಿ ನನ್ನ ಸೊಂಟ ಪಳಗಿ ಹೋಗುತ್ತೆ!"

ಇಬ್ಬರೂ ಸೇರಿ ನೂಕಿದೆವು. ಎದುರಿನಿಂದ ಪ್ಲಾಸ್ಟರ್ ಪುಡಿಯ ಚೀಲ ಹೊತ್ತು ಬರುತ್ತಿದ್ದವನು ನಮಗೆ ಡಿಕ್ಕಿ ಹೊಡೆದ. ಚೀಲ ಒಡೆದು ನೆಲ, ಚಕ್ರ, ಲಾಂಡ್ರಿಯಮ್ಮ, ನಾನು ಎಲ್ಲ ಬಿಳಿ. ಅವಳು ಬೈಯಲು ಬಾಯಿ ತೆರೆದು, ಆಸರೆಗೆಂದು ಬಂಡಿಯ ಮೇಲೆ ಒಂದು ಕೈ ಇಟ್ಟಳು ನೋಡು. ಬಂಡಿ ಸುಯ್ಯೆಂದು ತಿರುಗಿಬಿಟ್ಟಿತು! ಒಂದೇ ಕೈಗೆ! ಅವಳ ಬಾಯಿ ತೆರೆದದ್ದು ತೆರೆದೇ ಇತ್ತು.

ನಾನು ಆ ಪುಡಿಯಲ್ಲಿ ಮಂಡಿಯೂರಿ ಕೂತು ಚಕ್ರದ ಗುರುತು ನೋಡಿದೆ. ನಡುವಿನ ಎರಡು ಚಕ್ರ ಇದ್ದಲ್ಲೇ ಉರುಳಿವೆ. ಮುಂದಿನ ಎರಡು, ಹಿಂದಿನ ಎರಡು, ಪಕ್ಕಕ್ಕೆ ಜಾರಿವೆ. ಪುಡಿಯ ಮೇಲೆ ಬೀಸಣಿಗೆಯ ಹಾಗೆ ಗೆರೆ. ಆರು ಚಕ್ರದ ಬಂಡಿ ತಿರುಗಬೇಕಾದರೆ ಮೂಲೆಯ ನಾಲ್ಕು ಜಾರಲೇಬೇಕು ಕಣೇ. ನಾನು ಅವಕ್ಕೆ ಜಾರದ ಹಾಗೆ ರಬ್ಬರು ತೊಡಿಸಿ ಕೂರಿಸಿದ್ದೆ. ಅದೇ ರಬ್ಬರು, ಅದೇ ಆರು ಚಕ್ರ, ನಿನ್ನ ಎಮ್ಮೆಗೂ ತೊಡಿಸಿದ್ದೇನೆ! ಅದರ ಮೋಟಾರುಗಳು ತೊಂಬತ್ತಾರು ಆಂಪ್ ತಿಂದು ಹೋರಾಡುತ್ತಿರುವುದು ನನ್ನ ರಬ್ಬರಿನ ಜೊತೆ.

ಆರನ್ನೂ ಕಿತ್ತು ಕಸಕ್ಕೆ ಎಸೆ. ಈಗಲೇ. ಓದುವುದನ್ನು ನಿಲ್ಲಿಸಿ ಹೋಗಿ ಕೀಳು. ನಂಬಿಕೆಯಿಲ್ಲದಿದ್ದರೆ ಮೊದಲು ನೆಲಕ್ಕೆ ಮುಖದ ಪೌಡರು ಸುರಿದು ತಿರುಗಿಸಿ ನೋಡು.

ಈ ಪತ್ರ ಇಪ್ಪತ್ತಾರರೊಳಗೆ ತಲುಪಬೇಕು. ಪೆಟ್ಟಿಗೆಗೆ ಹಾಕದೆ ಅಂಚೆ ಕಚೇರಿಯ ಕಿಟಕಿಯಲ್ಲೇ ಕೊಡುತ್ತೇನೆ.

ನಿನ್ನ ಬೆಪ್ಪು ಅತ್ತೆ

*

ಫೆಬ್ರವರಿ 21

ಅತ್ತೆ,

ಬೈಯಬೇಡ. ಸುಮಾರು ನಾಲ್ಕು ವಾರದಿಂದ ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಎಮ್ಮೆ ಯಾವ ದಿನದಿಂದ ಹೀಗೆ ಎಂದು ಕೇಳಿದ್ದೆಯಲ್ಲ? ಜನವರಿ 25ರಿಂದ. ಬೆಳಗ್ಗೆ ನಿನ್ನ ರಬ್ಬರು ಅಂಟಿಸಿದೆವು, ಮಧ್ಯಾಹ್ನದಿಂದ ತಿರುಗಲಿಲ್ಲ.

ನಿನ್ನ ಪೊಟ್ಟಣ ಬಿಚ್ಚಿದಾಗ ಒಂದೊಂದು ತುಂಡಿನ ಅಂಚಿನಲ್ಲೂ ನೀನು ನೀಲಿ ಪೆನ್ನಿನಲ್ಲಿ 1, 2, 3 ಎಂದು ಬರೆದದ್ದು ನೋಡಿದೆ. ಇದರಿಂದಲೇ ತೊಂದರೆ ಎಂದು ಬರೆದರೆ ನೀನು ಒಂದು ತಿಂಗಳು ನಿದ್ದೆ ಮಾಡುವುದಿಲ್ಲ ಎಂದು ಗೊತ್ತು. ಬೇರೆ ಏನಾದರೂ ಕಾರಣ ಸಿಗಲಿ ಎಂದು ನಿನ್ನ ಕೈಯಲ್ಲೇ ಹುಡುಕಿಸಿದೆ.

ಮೇಷ್ಟ್ರು ಹೇಳಿದ ಮಾತು ಏನೆಂದರೆ: "ಆ ರಬ್ಬರು ಕಿತ್ತು ಹಾಕು." ನಾನು ಆಗುವುದಿಲ್ಲ ಎಂದೆ. ತಂತಿ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಕೀಳಲೇ ಅತ್ತೆ? ನೀನು ಹೇಳಿದರೆ ಮಾತ್ರ.

ಕಡ್ಡಿ

*

ಫೆಬ್ರವರಿ 27

ಅತ್ತೇ! ಅತ್ತೇ!

ನಿನ್ನ ಎರಡೂ ಪತ್ರ ಒಟ್ಟಿಗೆ ಇಪ್ಪತ್ತೈದರ ಮಧ್ಯಾಹ್ನ ಬಂದವು. ಮೊದಲು ಬೈಗುಳದ್ದು ಓದಿ ನಡುಗಿದೆ, ಆಮೇಲೆ ಪುಡಿಯದ್ದು ಓದಿ ಮೆಟ್ಟಿಲ ಮೇಲೆ ಕೂತು ನಗಲಾರಂಭಿಸಿದೆ. ಇಬ್ಬರೂ ಒಂದೇ ರಬ್ಬರನ್ನು ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಕೂತಿದ್ದೆವಲ್ಲ. ಮಾತು ಬಿಟ್ಟಿದ್ದ ತಂತಿಯೂ, "ಏನಾಯ್ತೇ, ಬೆಕ್ಕು ಮತ್ತೆ ಮರಿ ಹಾಕ್ತಾ?" ಎಂದು ಓಡಿ ಬಂದ.

ಪೌಡರು ಡಬ್ಬಿ ಪೂರ್ತಿ ಸುರಿದು ತಿರುಗಿಸಿದೆವು. ಎಮ್ಮೆ ಬುಗುರಿಯ ಹಾಗೆ ತಿರುಗಿತು. ಸರಿ, ಕೀಳೋಣ ಎಂದು ಕೂತೆವು. ನಿನ್ನ ಅಂಟು ಇದೆಯಲ್ಲ, ಅದು ಅಂಟಲ್ಲ, ಶಪಥ! ಮುಂದಿನ ಎರಡು, ಹಿಂದಿನ ಎರಡು ಕೀಳುವಷ್ಟರಲ್ಲಿ ನನ್ನ ಉಗುರು, ತಂತಿಯ ತಾಳ್ಮೆ ಎರಡೂ ಮುಗಿದವು. "ಇಷ್ಟಕ್ಕೇ ಒಂದು ಸಲ ಓಡಿಸಿ ನೋಡೋಣ, ನಡುವಿನದು ಆಮೇಲೆ" ಎಂದ. ಇಳಿಸಿ ಓಡಿಸಿದೆ.

ಅತ್ತೆ, ಆರನ್ನೂ ಕಿತ್ತಿದ್ದರೆ ಮತ್ತೆ ಇಳಿಜಾರಿನಲ್ಲಿ ಜಾರುತ್ತಿತ್ತು. ನಡುವಿನ ಎರಡಕ್ಕೆ ಮಾತ್ರ ನಿನ್ನ ರಬ್ಬರು ಉಳಿದದ್ದರಿಂದ ಅವು ಮೂರು ಮಿಲಿಮೀಟರ್ ದಪ್ಪ, ಅಷ್ಟು ಕೆಳಗೆ. ಎಮ್ಮೆಯ ಭಾರವೆಲ್ಲ ಅವುಗಳ ಮೇಲೆ. ಅವು ಬಿಗಿಯಾಗಿ ಹಿಡಿಯುತ್ತವೆ, ಮೂಲೆಯವು ನೆಲವನ್ನು ಸವರಿಕೊಂಡು ಜಾರುತ್ತವೆ. ತಿರುಗುವಾಗ ಈಗ ಮೂವತ್ತೆಂಟು ಆಂಪ್! ಇಳಿಜಾರನ್ನೂ ಹತ್ತುತ್ತದೆ!

ನಿನ್ನೆಯ ಓಟದಲ್ಲಿ ಆರು ತಿರುವಿಗೂ ಕಣ್ಣು ಕತ್ತಲೆ ಬರಲಿಲ್ಲ. ಮೇಷ್ಟ್ರು ಎಮ್ಮೆಯನ್ನು ಎತ್ತಿ ಅಡಿ ನೋಡಿ, "ನಾನು ಎಲ್ಲ ಕೀಳು ಅಂದಿದ್ದೆ. ಎರಡು ಬಿಡು ಅಂತ ಹೇಳಿದ್ದು ಯಾರು?" ಎಂದರು. "ನಮ್ಮತ್ತೆಯ ಅಂಟು" ಎಂದೆ. ಹುಬ್ಬೇರಿಸಿದರು. ಅವರಿಗೆ ಸಂತೋಷವಾದರೂ ಹುಬ್ಬೇ ಏರುವುದು, ಈಗ ಗೊತ್ತಾಯಿತು. ಚೀಟಿ ಹರಿದಿಲ್ಲ, ಕೊನೆಯ ಎರಡು ಸಾಲಿಗಾಗಿ ಇಟ್ಟುಕೊಂಡಿದ್ದೇನೆ.

ಮಾರ್ಚ್ 15ಕ್ಕೆ ಪಂದ್ಯ. ಓಡಿಸುವವಳು ನಾನು. ನೀನು ಬರಬೇಕು. ರಬ್ಬರನ್ನು ಎರಡು ಸಲ ಎಳೆದು ನೋಡಿದ್ದೇನೆ, ಅಲ್ಲಾಡುವುದಿಲ್ಲ. ಅದಕ್ಕೆ ಚಿಂತೆ ಬೇಡ.

ಕಡ್ಡಿ

*

ಮಾರ್ಚ್ 3

ಕಡ್ಡೀ,

ನಿನ್ನ ಇಪ್ಪತ್ತೊಂದರ ಪತ್ರ ಓದಿ ಅತ್ತೆ. ಇಪ್ಪತ್ತೇಳರದ್ದು ಓದಿ ಮತ್ತೆ ಅತ್ತೆ, ಅದು ಬೇರೆ ಅಳು. ನಿಮ್ಮಪ್ಪ, "ಗೆದ್ದರೂ ಅಳ್ತೀಯ, ಸೋತರೂ ಅಳ್ತೀಯ, ಇನ್ನು ಡ್ರಾ ಆದರೆ ಏನು ಮಾಡ್ತೀಯ?" ಎಂದ. ಬೆನ್ನಿಗೆ ಒಂದು ಕೊಟ್ಟೆ.

ನನಗೆ ಹೇಳದೆ ಮುಚ್ಚಿಟ್ಟದ್ದಕ್ಕೆ ಬೈಯಬೇಕು. ಗಾಲಿಕುರ್ಚಿಯ ಹಿಂದೆ ಅಡಗಿದವಳು ಯಾವ ಬಾಯಲ್ಲಿ ಬೈಯಲಿ? ಇನ್ನು ಮೇಲೆ ನಾನು ಕಳಿಸಿದ್ದು ಕೆಟ್ಟದ್ದಾದರೆ ಅವತ್ತೇ ಬರೆ. ನಿದ್ದೆ ಹೇಗೂ ನಾನು ಮಾಡುವುದಿಲ್ಲ, ಕಾರಣ ಗೊತ್ತಿದ್ದರೆ ಒಳ್ಳೆಯದು.

ಲಾಂಡ್ರಿಯ ಬಂಡಿಗೂ ನಿನ್ನ ಹಾಗೆಯೇ ಮಾಡಿದೆ. ಮೂಲೆಯ ನಾಲ್ಕು ಕಿತ್ತೆ, ನಡುವಿನ ಎರಡು ಬಿಟ್ಟೆ. ಲಾಂಡ್ರಿಯಮ್ಮ ಒಂದು ಬೆರಳಲ್ಲಿ ತಿರುಗಿಸಿ, "ಎಲ್ಲಿ ಕಲಿತೆ ಇದನ್ನ?" ಎಂದಳು. "ನಮ್ಮ ಅಣ್ಣನ ಮಗಳು ಹೇಳಿಕೊಟ್ಟಳು" ಎಂದೆ. ಈಗ ಅವಳೂ ಪಂದ್ಯಕ್ಕೆ ಬರುತ್ತೇನೆ ಎನ್ನುತ್ತಿದ್ದಾಳೆ. ಅವಳ ಗಂಟಲು ನಿನಗೆ ಗೊತ್ತಿಲ್ಲ, ಕಿವಿಗೆ ಹತ್ತಿ ಇಟ್ಟುಕೊ. ಹದಿನಾಲ್ಕರ ಬೆಳಗಿನ ರೈಲಿಗೆ ನಾವು ಮೂವರಿಗೂ ಟಿಕೆಟ್ ಆಗಿದೆ. ಟಿಕೆಟನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಬೀಗದ ಕೈ ಎಲ್ಲಿಟ್ಟೆ ಎಂದು ಇವತ್ತು ಬೆಳಗ್ಗೆಯಿಂದ ಹುಡುಕುತ್ತಿದ್ದೇನೆ.

ಇನ್ನೊಂದು ಮುಚ್ಚಿಟ್ಟದ್ದಿದೆ. ಇದೇ ಕೊನೆಯದು. ನಿನ್ನ ರಬ್ಬರು ಕತ್ತರಿಸಿದ್ದು ಒಂದು ಭಾನುವಾರ ಮಧ್ಯಾಹ್ನ. ಐದು ತುಂಡು ಅಚ್ಚುಕಟ್ಟಾಗಿ ಬಂದವು. ಆರನೆಯದು ಕತ್ತರಿಸುವಾಗ ನಿಮ್ಮಪ್ಪ ಹಿಂದಿನಿಂದ ಬಂದು ಸೀನಿದ. ಕತ್ತರಿ ಒಂದು ಎಳೆಯಷ್ಟು ಸೊಟ್ಟ ಹೋಯಿತು. ಅಂಟು ಹಾಕಿದರೆ ಗೊತ್ತಾಗುವುದಿಲ್ಲ ಎಂದುಕೊಂಡು ಹಾಗೆಯೇ ಕಳಿಸಿದೆ. ಆಗ ಅದು ಆರರಲ್ಲಿ ಒಂದು. ಈಗ ಇರುವುದೇ ಎರಡು, ಎಮ್ಮೆಯ ಭಾರವೆಲ್ಲ ಅವುಗಳ ಮೇಲೆಯೇ ಎನ್ನುತ್ತೀಯ.

ಅದು ಕಿತ್ತ ನಾಲ್ಕರಲ್ಲಿ ಹೋಗಿದ್ದರೆ ಒಳ್ಳೆಯದು. ಹೋಗಿಲ್ಲದಿದ್ದರೆ ಕೂಡಲೇ ಬರೆ, ಬೇರೆ ತುಂಡು ಕತ್ತರಿಸಿ ಕಳಿಸುತ್ತೇನೆ, ನಿಮ್ಮಪ್ಪನನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡು ಕತ್ತರಿಸುತ್ತೇನೆ. ಎರಡು ಸಲ ಎಳೆದು ನೋಡಿದ್ದೇನೆ ಎಂದು ಬರೆದಿದ್ದೀಯ, ಓದಿದೆ. ಆದರೂ ಹೋಗಿ, ಎಮ್ಮೆಯನ್ನು ಮಗುಚಿ, ನಡುವಿನ ಎರಡು ಚಕ್ರದ ರಬ್ಬರಿನ ಅಂಚಿನಲ್ಲಿ ನೀಲಿ ಪೆನ್ನಿನಲ್ಲಿ 6 ಎಂದು ಇದೆಯೇ ಎಂದು ಇನ್ನೊಂದು ಸಲ ನೋಡು.

ನಿನ್ನ ಅತ್ತೆ